ಬಾಗಿಲು, ಕಿಲುಬು, ಕರಟ
(ಮನೆ ಸಿಂಗರಿಸುವ ಹಳೆಯ ವಸ್ತುಗಳ ಬಗ್ಗೆ ಒಂದು ದಲಿತ ಓದು)

1

ಕೆಲವು ವರ್ಷಗಳ ಹಿಂದೆ ಸಾಮಾಜಿಕ ನ್ಯಾಯದ ಬಗ್ಗೆ ನಡೆದ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಏರ್ಪಡಿಸಿದವರು ನಮ್ಮನ್ನೆಲ್ಲ ಊರಾಚೆಯ ಒಂದು ರೆಸಾರ್ಟಿನಲ್ಲಿ ಉಳಿಸಿದ್ದರು. ರಾತ್ರಿ ಊಟಕ್ಕೆ ಕೂತಾಗ ನೋಡುತ್ತೇನೆ, ಮೇಜಿನ ಮೇಲೆ ದಪ್ಪ ಗಾಜು, ಗಾಜಿನ ಕೆಳಗೆ ಒಂದು ಬಾಗಿಲು. ತೇಗದ ಬಾಗಿಲು. ಅದರ ತುಂಬ ಹಿತ್ತಾಳೆಯ ಗುಬುಟುಗಳು, ಅಂಚಿಗೆ ಬಳ್ಳಿಯ ಕೆತ್ತನೆ, ಮೂಲೆಯಲ್ಲಿ ಒಂದು ಜೊತೆ ಗಿಳಿ. ಚಿಲಕವನ್ನೂ ತೆಗೆದಿರಲಿಲ್ಲ. ಪಕ್ಕದಲ್ಲಿದ್ದ ಗೆಳೆಯರು, ‘ಎಂಥಾ ಕೆಲಸ ನೋಡ್ರೀ, ಈಗ ಯಾರು ಮಾಡ್ತಾರೆ ಇದನ್ನ?’ ಎಂದರು. ಅವರ ಮೆಚ್ಚುಗೆಯಲ್ಲಿ ಸುಳ್ಳೇನೂ ಇರಲಿಲ್ಲ. ಕೆತ್ತಿದ ಕೈ ದೊಡ್ಡದೇ.

ಆದರೆ ನಾನು ನೋಡುತ್ತಿದ್ದುದು ಕೆತ್ತನೆಯನ್ನಲ್ಲ. ಬಾಗಿಲಿನ ಯಾವ ಮಗ್ಗುಲು ಮೇಲಾಗಿದೆ, ಹೊರಗಿನದೋ ಒಳಗಿನದೋ, ಎಂದು ನೋಡುತ್ತಿದ್ದೆ. ನಮ್ಮೂರ ದೊಡ್ಡ ಮನೆಯ ಬಾಗಿಲಿಗೂ ಇಂಥವೇ ಗುಬುಟುಗಳಿದ್ದವು. ನಮ್ಮವ್ವ ಆ ಮನೆಯ ಹೊಲಗದ್ದೆಗಳಲ್ಲಿ ಹದಿನೈದು ವರ್ಷ ದುಡಿದಳು. ಕೂಲಿಯ ರಾಗಿಯನ್ನು ಹಿತ್ತಿಲಿಗೆ ಹೋಗಿ ಸೆರಗೊಡ್ಡಿ ಇಸಕೊಂಡು ಬಂದಳು. ಆ ಬಾಗಿಲಿನ ಒಳಮಗ್ಗುಲು ಹೇಗಿತ್ತು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವಳ ಮಗ ಅಂಥದೇ ಬಾಗಿಲಿನ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಾನೆ. ಇದು ಪ್ರಗತಿಯೆ? ಒಂದು ಅರ್ಥದಲ್ಲಿ ಹೌದು. ಆದರೆ ಅಲ್ಲಿ ಕೂತಿದ್ದ ಇಪ್ಪತ್ತು ಜನರಲ್ಲಿ ಆ ಮೇಜು ಬಾಗಿಲಾಗಿತ್ತು, ಬಾಗಿಲು ಎಂದರೆ ಕೆಲವರನ್ನು ಹೊರಗೆ ನಿಲ್ಲಿಸುವ ಸಾಧನವೂ ಆಗಿತ್ತು ಎಂಬುದು ನೆನಪಾದದ್ದು ಒಬ್ಬನಿಗೇ. ಉಳಿದವರಿಗೆ ಅದು ಬರೀ ಚಂದ.

ಈ ಲೇಖನ ಆ ‘ಬರೀ ಚಂದ’ದ ಬಗ್ಗೆ. ದಲಿತ ವಿಮರ್ಶೆ ಇಲ್ಲಿಯವರೆಗೆ ಹೆಚ್ಚಾಗಿ ಪುಸ್ತಕವನ್ನು ಓದಿದೆ. ಕಾವ್ಯದಲ್ಲಿ, ಕಾದಂಬರಿಯಲ್ಲಿ ಅಡಗಿದ ಜಾತಿಯನ್ನು ಹೊರಗೆಳೆದಿದೆ. ಈಗ ಅದು ಮೇಜು, ಕುರ್ಚಿ, ಹಂಡೆ, ಬಾಗಿಲುಗಳನ್ನೂ ಓದಬೇಕಾದ ಕಾಲ ಬಂದಿದೆ ಎಂದು ನನಗನ್ನಿಸುತ್ತದೆ.

2

ಇಂಟೀರಿಯರ್ ಡಿಸೈನರ್‌ಗಳು ಹಳೆಯ ವಸ್ತುಗಳನ್ನು ಹೇಗೆ ಬಳಸುತ್ತಾರೆ? ಅವರ ಪತ್ರಿಕೆಗಳನ್ನು ತಿರುವಿ, ಆ ಕಸುಬಿನಲ್ಲಿರುವ ಒಂದಿಬ್ಬರ ಜೊತೆ ಮಾತಾಡಿ ನಾನು ತಿಳಿದುಕೊಂಡಂತೆ ಅವರಲ್ಲಿ ನಾಲ್ಕು ದಾರಿಗಳಿವೆ.

ಒಂದು, ಇಡೀ ಕೋಣೆಯನ್ನೇ ಒಂದು ಕಾಲಕ್ಕೆ ಒಯ್ಯುವುದು. ತೊಟ್ಟಿಮನೆಯ ಕಂಬ, ತೂಗುಮಂಚ, ಕೆಂಪು ನೆಲ, ಗೋಡೆಗೆ ರವಿವರ್ಮನ ಅಚ್ಚುಚಿತ್ರ. ಇದನ್ನು ಈಗ ಅವರೇ ‘ಮ್ಯೂಸಿಯಂ ಥರ ಆಗುತ್ತೆ’ ಎಂದು ಬಿಟ್ಟುಕೊಡುತ್ತಿದ್ದಾರೆ. ಎರಡು, ಬೆರಕೆ. ಹೊಸ ಕೋಣೆ, ಹೊಸ ಸೋಫಾ, ಬಿಳಿ ಗೋಡೆ, ನಡುವೆ ಒಂದೇ ಒಂದು ಹಳೆಯ ವಸ್ತು. ಬಂದವರ ಕಣ್ಣು ಮೊದಲು ಅದರ ಮೇಲೆ ಬೀಳಬೇಕು. ಸುತ್ತ ಜಾಗ ಖಾಲಿ ಬಿಡಬೇಕು, ಮೇಲಿನಿಂದ ಬೆಳಕು ಬಿಡಬೇಕು. ಮೂರು, ಬೇರೆ ಕೆಲಸಕ್ಕೆ ಹಚ್ಚುವುದು. ಬಾಗಿಲು ಮೇಜಾಗುತ್ತದೆ, ಹಂಡೆ ಹೂಕುಂಡವಾಗುತ್ತದೆ, ಗಾಡಿಯ ಚಕ್ರ ಗೇಟಿಗೆ ಹೋಗುತ್ತದೆ, ಒರಳಿನಲ್ಲಿ ತಾವರೆ ಬೆಳೆಯುತ್ತದೆ, ಮೊರ ಗೋಡೆ ಹತ್ತುತ್ತದೆ. ನಾಲ್ಕು, ಹೊಸದನ್ನೇ ಹಳೆಯದು ಮಾಡುವುದು. ಇದಕ್ಕೆ ‘ಡಿಸ್ಟ್ರೆಸ್ಡ್’ ಎನ್ನುತ್ತಾರೆ. ಹೊಸ ಮರದ ಮೇಲೆ ಸರಪಳಿಯಿಂದ ಬಡಿದು, ಮೊಳೆಯಿಂದ ಚುಚ್ಚಿ, ಬಣ್ಣ ಬಳಿದು, ಮತ್ತೆ ಅದನ್ನು ಅಲ್ಲಲ್ಲಿ ಉಜ್ಜಿ ತೆಗೆದು ನೂರು ವರ್ಷದ ಸವೆತವನ್ನು ಒಂದು ಮಧ್ಯಾಹ್ನದಲ್ಲಿ ತರುತ್ತಾರೆ.

ಇದರಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ಹಳೆಯ ತೊಲೆ ಬಳಸಿದರೆ ಒಂದು ಮರ ಉಳಿಯುತ್ತದೆ. ಗುಜರಿಯ ಶೆಡ್ಡಿನಲ್ಲಿ ಕೂತು ಪಾಲಿಷ್ ಹಾಕುವವನಿಗೆ ದಿನಗೂಲಿ ಸಿಗುತ್ತದೆ. ಒಲೆಗೆ ಹೋಗಬೇಕಾದ ಕೆತ್ತನೆ ಉಳಿಯುತ್ತದೆ. ಪ್ರಶ್ನೆ ಇರುವುದು ಅಲ್ಲಲ್ಲ. ಈ ನಾಲ್ಕೂ ದಾರಿಗಳು ವಸ್ತುವನ್ನು ಅದರ ಜೊತೆಗಾರರಿಂದ ಬೇರೆ ಮಾಡುತ್ತವೆ ಎಂಬುದು ನನ್ನ ತಕರಾರು. ದೊಡ್ಡ ಮನೆಯ ಬಾಗಿಲು ಒಂಟಿಯಾಗಿ ಇರಲಿಲ್ಲ. ಅದರ ಹಿಂದೆ ಕಣಜ ಇತ್ತು. ಕಣಜದ ಹಿಂದೆ ಹೊಲ, ಹೊಲದ ಹಿಂದೆ ಜೀತ, ಜೀತದ ಹಿಂದೆ ಒಂದು ಸಾಲದ ಪತ್ರ. ಬಾಗಿಲನ್ನು ಮಾತ್ರ ಕಿತ್ತು ತಂದು ಬೆಳಕಿನ ಕೆಳಗೆ ಇಡುವುದು, ಆ ಸಾಲದ ಪತ್ರದಿಂದ ಒಂದು ಅಕ್ಷರ ಕತ್ತರಿಸಿ, ‘ಎಷ್ಟು ಮುದ್ದಾದ ಬರಹ’ ಎಂದು ಕಟ್ಟು ಹಾಕಿಸಿದ ಹಾಗೆ.

ನಾಲ್ಕನೆಯ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸರಪಳಿ ಏಟಿನ ಗುರುತನ್ನು ಕಾಸು ಕೊಟ್ಟು ಕೊಳ್ಳುವವರು ಅಂಥ ಏಟು ತಿನ್ನದವರೇ ಆಗಿರಬೇಕು.

3

ಇನ್ನೊಂದು ಮೂಲಭೂತ ಪ್ರಶ್ನೆ. ಯಾವುದು ಆಂಟಿಕ್ ಆಗುತ್ತದೆ? ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯಿದೆ ನೂರು ವರ್ಷ ದಾಟಿದ್ದನ್ನು ಪುರಾತನ ಎನ್ನುತ್ತದೆ, ಹಸ್ತಪ್ರತಿಗಳಿಗೆ ಎಪ್ಪತ್ತೈದು. ಮೇಲುನೋಟಕ್ಕೆ ಇದು ಜಾತಿಯಿಲ್ಲದ ಲೆಕ್ಕ. ವರ್ಷ ಎಲ್ಲರಿಗೂ ಒಂದೇ ತಾನೆ? ಆದರೆ ನೂರು ವರ್ಷ ಉಳಿಯುವಂಥದ್ದು ಯಾರ ಮನೆಯಲ್ಲಿತ್ತು?

ಬೆಂಗಳೂರಿನ ಡಿಸೈನರ್‌ಗಳಿಗೆ ತಮಿಳುನಾಡಿನ ಕಾರೈಕುಡಿ ಒಂದು ಯಾತ್ರಾಸ್ಥಳ. ಚೆಟ್ಟಿನಾಡಿನ ಸಾಹುಕಾರರು ಬರ್ಮಾದಲ್ಲಿ ಲೇವಾದೇವಿ ಮಾಡಿ ಗಳಿಸಿದ ಹಣದಲ್ಲಿ ಕಟ್ಟಿದ ಭಾರೀ ಮನೆಗಳು ಅಲ್ಲಿವೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ವ್ಯವಹಾರ ಮುರಿದುಬಿದ್ದ ಮೇಲೆ ಆ ಮನೆಗಳನ್ನು ಸಾಕುವುದು ಕಷ್ಟವಾಯಿತು. ಒಂದೊಂದಾಗಿ ಕಂಬ, ಬಾಗಿಲು, ಹಿತ್ತಾಳೆ ಪಾತ್ರೆಗಳು ಅಂಗಡಿಗೆ ಬಂದವು. ಬರ್ಮಾ ತೇಗದ ಆ ಕಂಬಗಳು ಇವತ್ತು ಎಷ್ಟೋ ಹೋಟೆಲುಗಳ ಹಜಾರದಲ್ಲಿವೆ.

ಆ ಕಾರೈಕುಡಿ ಆಗ ಇದ್ದದ್ದು ರಾಮನಾಡು ಜಿಲ್ಲೆಯಲ್ಲಿ. ಅದೇ ಜಿಲ್ಲೆಯಲ್ಲಿ 1930ರ ಡಿಸೆಂಬರಿನಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ ಎಂಟು ನಿಷೇಧಗಳನ್ನು ಹೇರಿದರು. 1931ರ ಜನಗಣತಿಯ ಕಮಿಷನರ್ ಆಗಿದ್ದ ಹಟನ್ ಅದನ್ನು ದಾಖಲಿಸಿದ್ದಾರೆ. ಚಿನ್ನ ಬೆಳ್ಳಿ ತೊಡಬಾರದು, ಅಂಗಿ ಹಾಕಬಾರದು, ಕೊಡೆ ಹಿಡಿಯಬಾರದು, ಮೆಟ್ಟು ಮೆಟ್ಟಬಾರದು. ಆ ಎಂಟರಲ್ಲಿ ಒಂದು: ಮನೆಯೊಳಗೆ ಮಣ್ಣಿನ ಪಾತ್ರೆ ಬಿಟ್ಟು ಬೇರೆ ಯಾವ ಪಾತ್ರೆಯನ್ನೂ ಬಳಸಬಾರದು. ಅಂಬೇಡ್ಕರರು 1936ರ ‘ಜಾತಿ ವಿನಾಶ’ದಲ್ಲಿ ಗುಜರಾತಿನ ಝಾನು ಎಂಬ ಹಳ್ಳಿಯ ಸಂಗತಿ ಹೇಳುತ್ತಾರೆ. 1935ರ ನವೆಂಬರಿನಲ್ಲಿ ಅಲ್ಲಿನ ಅಸ್ಪೃಶ್ಯ ಹೆಂಗಸರು ಲೋಹದ ಕೊಡದಲ್ಲಿ ನೀರು ತಂದರೆಂದು ಅವರ ಮೇಲೆ ಹಲ್ಲೆ ನಡೆಯಿತು. ಅವರು ಬಡವರೇನಲ್ಲ, ಕೊಡ ಕೊಳ್ಳುವ ಶಕ್ತಿ ಇದ್ದವರು. ತಪ್ಪು ಇದ್ದದ್ದು ಆ ಶಕ್ತಿಯಲ್ಲೇ. ಇದಕ್ಕೆಲ್ಲ ಮೂಲ ಹುಡುಕಿದರೆ ಮನುಸ್ಮೃತಿ ಇದೆ. ಚಾಂಡಾಲರು ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಅವರ ಒಡವೆ ಕಬ್ಬಿಣದ್ದಾಗಿರಬೇಕು ಎಂದು ಅದರ ಹತ್ತನೆಯ ಅಧ್ಯಾಯ ಕಟ್ಟು ಮಾಡಿದೆ.

ಈಗ ಲೆಕ್ಕ ಹಾಕಿ. ಒಂದು ಕೇರಿಯವರು ಹಿತ್ತಾಳೆ ಇಟ್ಟುಕೊಳ್ಳಬಹುದು. ಇನ್ನೊಂದು ಕೇರಿಯವರು ಮಣ್ಣಿನದನ್ನೇ ಇಟ್ಟುಕೊಳ್ಳಬೇಕು. ನೂರು ವರ್ಷ ಕಳೆದ ಮೇಲೆ ಮೊದಲನೆಯವರ ಮನೆಯಲ್ಲಿ ಆಂಟಿಕ್ ಸಿಗುತ್ತದೆ, ಎರಡನೆಯವರ ಮನೆಯಲ್ಲಿ ಬೋಕಿಬಿಲ್ಲೆ. ಮಣ್ಣು ಒಡೆದದ್ದು ಪ್ರಕೃತಿಯ ನಿಯಮ. ಮಣ್ಣೇ ಇರಲಿ ಎಂದದ್ದು ಊರಿನ ನಿಯಮ.

ನಾವು ಮಾಡಿದ ವಸ್ತುಗಳದ್ದೂ ಇದೇ ಕಥೆ. ನಮ್ಮ ಕಡೆ ಹಿಂದೆ ಬಾವಿಯಿಂದ ಕಪಿಲೆ ಹೊಡೆದು ಗದ್ದೆಗೆ ನೀರು ಹಾಯಿಸುತ್ತಿದ್ದರು. ಅದರ ತೊಗಲ ಚೀಲ, ಮಿಣಿ, ಎತ್ತಿನ ಬಾರು ಎಲ್ಲವೂ ಮಾದಿಗರ ಕೈಕೆಲಸ. ತೊಗಲನ್ನು ಸುಣ್ಣದಲ್ಲಿ ನೆನೆಹಾಕಿ, ತಂಗಡಿ ತೊಗಟೆಯಲ್ಲಿ ಹದ ಮಾಡಿ, ನೀರು ಸೋರದ ಹಾಗೆ ಹೊಲಿಯುವುದು ಸುಮ್ಮನೆ ಬರುವ ವಿದ್ಯೆಯಲ್ಲ. ಆ ಚೀಲ ನೀರು ಎತ್ತಿತು, ಊರು ಉಂಡಿತು. ಆಮೇಲೆ ಕೊಳೆತು ಹೋಯಿತು. ಉಳಿದದ್ದು ಮರದ ರಾಟೆ. ಅದು ಇವತ್ತು ದೀಪ ತೂಗುಹಾಕುವ ಚಂದದ ವಸ್ತು. ರಾಟೆಗೆ ಬೆಲೆ ಬಂತು, ಚೀಲಕ್ಕೆ ನೆನಪೂ ಇಲ್ಲ. ಮೇದರ ಬುಟ್ಟಿ, ಹೊಲೆಯರ ಮನೆಯ ಹುಲ್ಲಿನ ಸೂರು, ಗೋಣಿತಾಟು, ಹರಕು ಕೌದಿ, ಇವು ಯಾವುವೂ ನೂರು ವರ್ಷದ ಪರೀಕ್ಷೆಗೆ ಕೂರುವುದಿಲ್ಲ. ‘ಪರಂಪರೆ’ ಎಂಬ ಶಬ್ದ ಬಾಳಿಕೆ ಬರುವ ವಸ್ತುಗಳ ಕಡೆಗೇ ವಾಲುತ್ತದೆ. ಬಾಳಿಕೆ ಬರುವ ವಸ್ತು ಆಸ್ತಿವಂತರದ್ದು.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಬೀಳಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಹೋಟೆಲಿನ ಮೇಜಿಗಿಂತ ಅದು ಎಷ್ಟೋ ಮೇಲು, ಯಾಕೆಂದರೆ ಅಲ್ಲಿ ಮನೆಗೆ ಊರಿನ ಹೆಸರಿದೆ, ಮುಧೋಳದ ದರ್ಬಾರು, ವಡೇರಹೋಬಳಿಯ ಮನೆ ಎಂದು. ಆದರೂ ಒಂದು ಮಾತು ಉಳಿಯುತ್ತದೆ. ತೊಲೆ ಕಂಬಗಳ ಮನೆಯನ್ನು ಬಿಚ್ಚಿ ಒಯ್ಯಬಹುದು. ಹಟ್ಟಿಯ ಮಣ್ಣುಗೋಡೆಯನ್ನು ಬಿಚ್ಚಲು ಬರುವುದಿಲ್ಲ, ಅದು ಕೈಯಲ್ಲೇ ಪುಡಿಯಾಗುತ್ತದೆ.

ಕರ್ನಾಟಕದಲ್ಲಿ ಈ ಬಾಗಿಲುಗಳು ಕಳಚಿದ್ದಕ್ಕೆ ಒಂದು ರಾಜಕೀಯ ಕಾರಣವೂ ಇದೆ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಿಂದ ಗೇಣಿದಾರರಿಗೆ ಭೂಮಿ ಬಂತು. ಗೇಣಿಯ ಅಕ್ಕಿ ನಿಂತಿತು, ಕೂಡುಕುಟುಂಬಗಳು ಒಡೆದವು, ದೊಡ್ಡ ಮನೆಗಳು ಪಾಲಾದವು. ಆದರೆ ದಲಿತರಲ್ಲಿ ಬಹುಪಾಲು ಜನ ಗೇಣಿದಾರರಾಗಿರಲಿಲ್ಲ, ಕೂಲಿಗಳಾಗಿದ್ದರು. ಉಳುವವನೇ ಒಡೆಯ ಎಂದಾಗ ಉಳುಮೆಯ ದಾಖಲೆ ಅವರ ಹೆಸರಲ್ಲಿರಲಿಲ್ಲ. ಹೀಗಾಗಿ ಭೂಮಿ ಗೇಣಿದಾರನಿಗೆ ಹೋಯಿತು, ಬಾಗಿಲು ಆಂಟಿಕ್ ಅಂಗಡಿಗೆ ಹೋಯಿತು. ನಮಗೆ ಎರಡೂ ಸಿಗಲಿಲ್ಲ.

4

ಡಿಸೈನರ್‌ಗಳ ಒಂದು ಮುದ್ದಿನ ಶಬ್ದ ‘ಪ್ಯಾಟಿನಾ’. ಹಿತ್ತಾಳೆ, ತಾಮ್ರ, ಮರಗಳ ಮೇಲೆ ಕಾಲ ಕಳೆದಂತೆ ಕೂರುವ ಪದರ. ಅದನ್ನು ಉಜ್ಜಬೇಡಿ, ಉಜ್ಜಿದರೆ ವಸ್ತುವಿನ ಬೆಲೆ ಹೋಗುತ್ತದೆ ಎಂದು ಅವರು ಎಚ್ಚರಿಸುತ್ತಾರೆ. ತಾಮ್ರ ಹಿತ್ತಾಳೆಯ ಮಟ್ಟಿಗೆ ಕನ್ನಡದಲ್ಲಿ ಇದಕ್ಕೆ ಹಳೆಯ ಹೆಸರೇ ಇದೆ: ಕಿಲುಬು.

ಕಿಲುಬಿನ ಬಗ್ಗೆ ನಮ್ಮವ್ವನಿಗೆ ಯಾವ ಡಿಸೈನರ್‌ಗಿಂತಲೂ ಹೆಚ್ಚು ಗೊತ್ತು. ಊರು ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಬಂದ ಮೇಲೆ ಅವಳು ಮೂರು ಮನೆಗಳಲ್ಲಿ ಮುಸುರೆ ತಿಕ್ಕುತ್ತಿದ್ದಳು. ಹಬ್ಬ ಬಂತೆಂದರೆ ಅಟ್ಟದ ಮೇಲಿನ ಹಂಡೆ, ಕೊಳಗ, ತಪ್ಪಲೆಗಳೆಲ್ಲ ಹಿತ್ತಿಲಿಗೆ ಇಳಿಯುತ್ತಿದ್ದವು. ಹುಣಿಸೇಹಣ್ಣು, ಬೂದಿ, ತೆಂಗಿನ ನಾರು. ಬೆರಳ ಸಂದಿ ಬಿರಿದು ಹುಳಿ ಹತ್ತಿ ಉರಿಯುತ್ತಿತ್ತು. ‘ಕಂಠದ ಹತ್ರ ಕಿಲುಬು ಹಂಗೇ ಅದೆ ನೋಡು’ ಎಂದು ಮನೆಯಮ್ಮ ಬೆರಳಿಟ್ಟು ತೋರಿಸುತ್ತಿದ್ದರು. ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದ ಮೇಲೆ ಅವರೇ ಬಂದು ಪಾತ್ರೆಗಳ ಮೇಲೆ ಒಂದೊಂದು ಚೊಂಬು ನೀರು ಸುರಿದು ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. ಕಿಲುಬು ಹೋಗಲು ನಮ್ಮವ್ವನ ಕೈ ಬೇಕು. ನಮ್ಮವ್ವನ ಕೈ ಹೋಗಲು ಒಂದು ಚೊಂಬು ನೀರು ಬೇಕು.

ಅಂದು ಕಿಲುಬು ಇದ್ದರೆ ಬೈಗುಳ, ಇಂದು ಕಿಲುಬು ಇಲ್ಲದಿದ್ದರೆ ಬೆಲೆ ಇಲ್ಲ. ರುಚಿ ಬದಲಾಗುತ್ತದೆ, ಸರಿ. ಆದರೆ ಎರಡೂ ಕಾಲದಲ್ಲಿ ರುಚಿಯನ್ನು ತೀರ್ಮಾನಿಸುವವರು ಅವರೇ ಎಂಬುದನ್ನು ಗಮನಿಸಬೇಕು. ‘ಕಾಲ ಕೂತ ಪದರ’ ಎಂದು ಹೊಗಳುವವರು ಆ ಪದರವನ್ನು ವರ್ಷ ವರ್ಷ ಕಿತ್ತು ತೆಗೆದ ಕೈಗಳನ್ನು ಕಾಲದ ಲೆಕ್ಕದಲ್ಲಿ ಸೇರಿಸುವುದಿಲ್ಲ. ಆ ಹಂಡೆ ಸವೆದಿರುವುದು ಕಾಲದಿಂದ ಅಲ್ಲ, ತಿಕ್ಕಿದ್ದರಿಂದ.

5

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಹಾಗಾದರೆ ನಿಮಗೆ ಹಳೆಯದೆಲ್ಲ ಬೇಡವೆ? ನಮ್ಮ ದೇಸಿವಾದಿ ಗೆಳೆಯರು ಇನ್ನೂ ಮುಂದೆ ಹೋಗುತ್ತಾರೆ. ‘ನಿಮ್ಮ ಹುಡುಗರೇ ಪ್ಲಾಸ್ಟಿಕ್ ಕುರ್ಚಿ, ಸ್ಟೀಲು ಲೋಟ, ಗಿಳಿಹಸಿರು ಬಣ್ಣದ ಗೋಡೆ ಅಂತ ಹಳ್ಳಿಯ ಸೌಂದರ್ಯ ಕೆಡಿಸಿದರು’ ಎನ್ನುತ್ತಾರೆ.

ಇದಕ್ಕೆ ನೇರವಾಗಿಯೇ ಉತ್ತರ ಹೇಳೋಣ. ಸ್ಟೀಲಿಗೆ ನೆನಪಿಲ್ಲ. ಅದೇ ಅದರ ಗುಣ. ಅಂಗಡಿಗೆ ಹೋಗಿ ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುತ್ತದೆ. ಪ್ಲಾಸ್ಟಿಕ್ ಕುರ್ಚಿಯನ್ನು ಯಾವ ಗೌಡನೂ ಮೊದಲು ಕೂತು ಬಿಟ್ಟುಕೊಟ್ಟದ್ದಲ್ಲ. ಬೇರೆಯವರ ಹಳೆಯ ಬಟ್ಟೆ, ಹಳಸಿದ ಅನ್ನ, ಒಡೆದ ಪಾತ್ರೆಯಲ್ಲೇ ತಲೆಮಾರುಗಳನ್ನು ಕಳೆದವರಿಗೆ ಹೊಸ ವಸ್ತು ಎಂಬುದು ಬರೀ ಗ್ರಾಹಕ ಸಂಸ್ಕೃತಿ ಅಲ್ಲ. ಹೊಸದು ಎಂದರೆ ಯಾರ ಎಂಜಲೂ ಅಲ್ಲದ್ದು. ಮೊದಲ ಸಲ ಸ್ಟೀಲಿನ ಕೊಳಗ ತಂದಾಗ ಅವ್ವ ಅಂಗಡಿಯವನಿಂದ ಅದರ ಮೇಲೆ ತನ್ನ ಹೆಸರು ಕೊರೆಸಿದ್ದಳು. ಅವಳಿಗೆ ಓದಲು ಬರುವುದಿಲ್ಲ. ‘ಎಲ್ಲೈತೆ ತೋರ್ಸು’ ಎಂದು ನನ್ನನ್ನು ಕೇಳಿ, ಆ ನಾಲ್ಕು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆ ರೆಸಾರ್ಟಿನ ತುಂಬ ಲಕ್ಷಾಂತರ ರೂಪಾಯಿಯ ಹಳೆಯ ವಸ್ತುಗಳಿದ್ದವು, ಒಂದರ ಮೇಲೂ ಒಂದು ಹೆಸರಿರಲಿಲ್ಲ. ಶರಣಕುಮಾರ ಲಿಂಬಾಳೆಯವರು ಮರಾಠಿಯಲ್ಲಿ ದಲಿತ ಸಾಹಿತ್ಯದ ಸೌಂದರ್ಯಶಾಸ್ತ್ರದ ಬಗ್ಗೆ ಬರೆಯುತ್ತಾ ‘ಸತ್ಯಂ ಶಿವಂ ಸುಂದರಂ’ ಎಂಬ ಅಳತೆಗೋಲು ನಮ್ಮದಲ್ಲ ಎಂದರು. ನಮ್ಮದು ಯಾವುದು ಎಂದು ಕೇಳಿದರೆ ನಾನು ಅವ್ವನ ಆ ಕೊಳಗವನ್ನು ತೋರಿಸುತ್ತೇನೆ.

ಆದರೆ ಇಷ್ಟಕ್ಕೇ ನಿಂತರೆ ನಮ್ಮ ವಾದ ಅರ್ಧವೇ ಆಗುತ್ತದೆ. ನೆನಪಿಲ್ಲದ ವಸ್ತು ಬಿಡುಗಡೆ ಕೊಡುತ್ತದೆ ನಿಜ, ಮರೆವನ್ನೂ ಕೊಡುತ್ತದೆ. ಅಂಬೇಡ್ಕರರು ಹಳೆಯ ವಸ್ತುಗಳ ವೈರಿಯಾಗಿರಲಿಲ್ಲ. ನ್ಯೂಯಾರ್ಕಿನಲ್ಲಿ ಓದುವಾಗ ಊಟದ ಕಾಸು ಉಳಿಸಿ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಪುಸ್ತಕ ಕೊಂಡವರು ಅವರು. ಹಡಗಿನಲ್ಲಿ ಊರಿಗೆ ಕಳಿಸಿದ ಆ ಪುಸ್ತಕಗಳು 1917ರಲ್ಲಿ ಯುದ್ಧದ ದಾಳಿಗೆ ಸಿಕ್ಕಿ ಬಹುಪಾಲು ಮುಳುಗಿದವು. ಆಮೇಲೆ ದಾದರಿನಲ್ಲಿ ‘ರಾಜಗೃಹ’ ಕಟ್ಟಿದಾಗಲೂ ಪುಸ್ತಕಗಳಿಗೆಂದೇ ಜಾಗ ಮಾಡಿದರು. ಇವತ್ತು ಗೋಡೆಯ ಬಣ್ಣಕ್ಕೆ ಹೊಂದುವ ಹಳೆಯ ಪುಸ್ತಕಗಳನ್ನು ಅಡಿ ಲೆಕ್ಕದಲ್ಲಿ ಕೊಂಡು ಕಪಾಟಿಗೆ ಜೋಡಿಸುವ ಅಲಂಕಾರವೂ ಇದೆ. ಎರಡೂ ಹಳೆಯ ಪುಸ್ತಕಗಳೇ. ಒಂದು ಕಡೆ ತೆರೆಯಲಿಕ್ಕೆ, ಇನ್ನೊಂದು ಕಡೆ ಮುಚ್ಚಿಡಲಿಕ್ಕೆ. ಪುಣೆಯ ಸಿಂಬಯಾಸಿಸ್ ಸಂಸ್ಥೆಯ ಅಂಬೇಡ್ಕರ್ ವಸ್ತುಸಂಗ್ರಹಾಲಯದಲ್ಲಿ ಅವರ ಪಿಟೀಲು, ಅವರು ಕೊನೆಯುಸಿರೆಳೆದ ಮಂಚ ಇವೆ. ಅವನ್ನು ನೋಡಿ ಯಾರೂ ‘ಎಂಥಾ ಮರ’ ಎನ್ನುವುದಿಲ್ಲ, ‘ಎಂಥಾ ಮನುಷ್ಯ’ ಎನ್ನುತ್ತಾರೆ.

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿ (1984) ಜೋತಮ್ಮಂದಿರು ಇರುಳು ಒಟ್ಟಿಗೆ ಸೇರಿ ಮಾತಾಡಿಕೊಳ್ಳುತ್ತಾರೆ. ದೀಪಕ್ಕೂ ತಾನು ಉರಿಯುವ ಮನೆಯ ಸುಖದುಃಖ ಗೊತ್ತು ಎಂಬ ನಂಬಿಕೆ ಅಲ್ಲಿದೆ. ನಮಗೆ ಬೇಕಾದದ್ದು ಅದು. ಹೋಟೆಲಿನ ಹಜಾರದ ದೀಪದ ಕಂಬಕ್ಕೆ ಬಾಯಿ ಕಟ್ಟಿದ್ದಾರೆ. ಹಳೆಯ ವಸ್ತುಗಳ ಈ ಅಲಂಕಾರ ಮಾಡುವ ದೊಡ್ಡ ಕೆಲಸವೇ ಇದು, ಸಾಕ್ಷಿಯನ್ನು ಮೂಕ ಮಾಡಿ ಚಂದ ಮಾಡುವುದು. ಆದ್ದರಿಂದ ದಲಿತ ವಿಮರ್ಶೆ ಹಳೆಯ ವಸ್ತುವನ್ನು ‘ಇಡಬೇಡಿ’ ಎನ್ನಬೇಕಾಗಿಲ್ಲ, ‘ಸಾಕ್ಷಿ ಸಮೇತ ಇಡಿ’ ಎನ್ನಬೇಕು.

6

ಇಷ್ಟು ಬರೆದ ಮೇಲೆ ನನ್ನ ಮನೆಯ ಸಂಗತಿ ಹೇಳದಿದ್ದರೆ ಮೋಸವಾಗುತ್ತದೆ.

ನಮ್ಮಕ್ಕನ ಮಗಳು ಒಳಾಂಗಣ ವಿನ್ಯಾಸವನ್ನೇ ಓದುತ್ತಿದ್ದಾಳೆ. ನಮ್ಮ ಹಟ್ಟಿಯಿಂದ ಆ ಓದಿಗೆ ಹೋದ ಮೊದಲ ಹುಡುಗಿ. ಹೋದ ವರ್ಷ ಊರಿನ ಹಳೆಯ ಮನೆ ಕೀಳುವಾಗ ಗಂಟೊಂದರಲ್ಲಿ ಅವಳಿಗೆ ಒಂದು ಕರಟ ಸಿಕ್ಕಿತು. ‘ಮಾವ, ನೋಡಿ, ಎಷ್ಟು ಚೆನ್ನಾಗಿ ಪಾಲಿಷ್ ಆಗಿದೆ! ಇದನ್ನ ಹೊಸ ಮನೆ ಷೋಕೇಸಲ್ಲಿ ಇಡೋಣ’ ಎಂದು ಹಿಗ್ಗಿನಿಂದ ತಂದಳು. ಅಂಚು ನುಣುಪಾಗಿ, ಮೈ ಕಪ್ಪಗೆ ಹೊಳೆಯುತ್ತಿತ್ತು. ಈಗ ಕರಟದ ಬಟ್ಟಲುಗಳನ್ನು ಪರಿಸರಸ್ನೇಹಿ ಎಂದು ದೊಡ್ಡ ಅಂಗಡಿಗಳಲ್ಲೂ ಮಾರುತ್ತಾರೆ, ಹಾಗಾಗಿ ಅವಳ ಕಣ್ಣು ಅದರ ಮೇಲೆ ಬಿದ್ದದ್ದು ಸಹಜ.

ಅವ್ವ ನೋಡಿದವಳೇ ‘ಅದ ಒಲೆಗಾಕು’ ಎಂದಳು. ಹುಡುಗಿ ಬಿಡಲಿಲ್ಲ, ಯಾಕಜ್ಜಿ ಯಾಕಜ್ಜಿ ಎಂದು ಕಾಡಿದಳು. ಆಗ ಹೇಳಿದಳು: ‘ನಿಮ್ ತಾತ ಇದರಲ್ಲಿ ಟೀ ಕುಡೀತಿದ್ದ ಕಣವ್ವ. ಹೋಟ್ಲೋರು ಮ್ಯಾಲಿಂದ ಹುಯ್ಯೋರು. ಕೈ ಸುಟ್ರೂ ಬುಡಂಗಿರ್ನಿಲ್ಲ. ಕುಡ್ದು ತೊಳ್ದು ಅಲ್ಲೇ ಸೂರಿಗೆ ಸಿಗಿಸ್ಬುಟ್ಟು ಬರಾದು. ಒಂದಿನ ಅದೇನ್ ಸಿಟ್ ಬಂತೋ, ಕಿತ್ಕಂಡು ಮನೆಗೇ ತಂದ್ಬುಟ್ಟ. ಆಮ್ಯಾಕೆ ಆ ಹೋಟ್ಲಿಗೆ ಹೋಗ್ನೇ ಇಲ್ಲ.’ ಅಪ್ಪ ಟೀ ಬಿಟ್ಟದ್ದು ಯಾಕೆ ಎಂದು ನನಗೆ ಗೊತ್ತಾದದ್ದೂ ಆಗಲೇ. ಆ ಹೊಳಪು ಯಾರೂ ಹಾಕಿದ ಪಾಲಿಷ್ ಅಲ್ಲ, ನಮ್ಮಪ್ಪನ ಬೆರಳು.

ಹುಡುಗಿ ಅವ್ವ ಹೇಳಿದ್ದನ್ನೆಲ್ಲ ಬರೆದುಕೊಂಡು, ಕಾಲೇಜಿನ ಪ್ರಾಜೆಕ್ಟಿಗೆ ಆ ಕರಟವನ್ನೇ ವಿಷಯ ಮಾಡಿಕೊಂಡಳು. ಅಲ್ಲಿ ಒಂದು ನಮೂನೆ ತುಂಬಬೇಕಂತೆ: ವಸ್ತುವಿನ ಹೆಸರು, ಯಾವುದರಿಂದ ಮಾಡಿದ್ದು, ಅಳತೆ, ಕಾಲ, ಮೇಲ್ಮೈ, ಈಗಿನ ಸ್ಥಿತಿ. ಅವಳು ಅಜ್ಜಿಯ ಮಾತನ್ನು ಹಿಂದಿನ ಪುಟದಲ್ಲಿ ಬರೆದು ಕೊಟ್ಟಳು. ಮೇಷ್ಟ್ರು ‘ಕಥೆ ಬೇಡ, ಡಿಸೈನ್ ಬಗ್ಗೆ ಬರಿ’ ಎಂದು ಹಿಂದಿರುಗಿಸಿದರು. ಅವರೇನೂ ಕೆಟ್ಟವರಲ್ಲ. ಆ ನಮೂನೆಯಲ್ಲಿ ‘ಯಾರು ಬಳಸಿದರು, ಯಾಕೆ ಬಳಸಬೇಕಾಯಿತು’ ಎಂಬ ಕಾಲಂ ಇಲ್ಲ, ಅಷ್ಟೆ. ಈ ಇಡೀ ಲೇಖನ ಆ ಇಲ್ಲದ ಕಾಲಂನ ಬಗ್ಗೆ. ಹುಡುಗಿ ಕಥೆ ತೆಗೆಯಲಿಲ್ಲ. ಅವಳಿಗೆ ಅಂಕ ಕಡಿಮೆ ಬಂತು.

ಕರಟ ಈಗ ಎಲ್ಲಿದೆ ಎಂದು ಕೇಳಬಹುದು. ಷೋಕೇಸಿನಲ್ಲಿಲ್ಲ. ‘ಅದ ನೋಡ್ಕಂಡು ಉಣ್ಣಕ್ಕಾದದಾ?’ ಎಂದು ಅವ್ವ ಕೇಳಿದ ಪ್ರಶ್ನೆಗೆ ನನ್ನಲ್ಲಾಗಲೀ ಹುಡುಗಿಯಲ್ಲಾಗಲೀ ಉತ್ತರ ಇರಲಿಲ್ಲ. ಒಲೆಗೂ ಹೋಗಲಿಲ್ಲ. ಅವ್ವನೇ ಅದನ್ನು ಒಂದು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಾಳೆ. ಸಾಕ್ಷಿ ಸಮೇತ ಇಡಿ ಎಂದು ಬರೆಯುವುದು ಸುಲಭ, ಸಾಕ್ಷಿಯ ಜೊತೆ ದಿನಾ ಒಂದೇ ಮನೆಯಲ್ಲಿ ಬಾಳುವುದು ಕಷ್ಟ. ಎಲ್ಲಿ ಇಡಬೇಕು, ಯಾವಾಗ ಹೊರಗೆ ತೆಗೆಯಬೇಕು ಎಂಬ ತೀರ್ಮಾನ ಆ ನೋವನ್ನು ಕಂಡವರದ್ದು. ಡಿಸೈನರ್‌ದಲ್ಲ, ವಿಮರ್ಶಕನದ್ದೂ ಅಲ್ಲ.

ಹುಡುಗಿ ಮಾತ್ರ ಪಟ್ಟು ಬಿಟ್ಟಿಲ್ಲ. ‘ನಾನು ಕೆಲಸಕ್ಕೆ ಸೇರಿದ ಮೇಲೆ ಆ ನಮೂನೆಗೆ ಒಂದು ಕಾಲಂ ಸೇರಿಸ್ತೀನಿ ಮಾವ’ ಎನ್ನುತ್ತಾಳೆ. ಸೇರಿಸಲಿ.